ಬಿಸಿ ಅಂಟಿನ ಕನ್ನಡಿ

ಕನ್ನಡಿ ಕೂರಿಸುವವರ ಪದ್ಧತಿ ಇಷ್ಟೇ. ಅಂಟು ಕರಗಿಸುವ ಗನ್ನಿನಿಂದ ನಾಲ್ಕು ಮೂಲೆಗೆ ಬಿಸಿ ಅಂಟು ಹಾಕಿ ಗೋಡೆಗೆ ಹಿಡಿಸೋದು, ಅದು ಬರೀ ತಾತ್ಕಾಲಿಕ. ಆಮೇಲೆ ಕ್ಲಿಪ್ಪು ಕೊಟ್ಟು ಸ್ಕ್ರೂ ಬಿಗಿಯೋದು. ಅದೇ ಕಸುಬಿನ ಅಕ್ಕ ಬೆಳಿಗ್ಗೆ ತಂಗಿಯ ಹೊಸ ಪಾರ್ಲರಿನಲ್ಲಿ ಅಂಟು ಹಾಕಿದಳು, ಹರಟೆ ಹೊಡೆದಳು, ಸ್ಕ್ರೂ ಮರೆತು ಬಂದಳು!

ಮಧ್ಯಾಹ್ನ ಊಟಕ್ಕೆ ಕೂತಾಗ ಜೇಬಿನಲ್ಲಿದ್ದ ಕ್ಲಿಪ್ಪು ತೊಡೆಗೆ ಚುಚ್ಚಿತು. ಅಯ್ಯೋ, ಸ್ಕ್ರೂ ಬಿಗಿದೇ ಇಲ್ಲ! ಆ ಅಂಟಿನ ಬುದ್ಧಿ ಅವಳಿಗೆ ಗೊತ್ತಿಲ್ಲವೇ? ನೆರಳಲ್ಲಿ ಕಲ್ಲು, ಬಿಸಿಲು ಬಿತ್ತೋ ಬೆಣ್ಣೆ. ಒಮ್ಮೆಲೇ ಬಿಡುವುದೂ ಇಲ್ಲ, ಭಾರಕ್ಕೆ ನಿಧಾನಕ್ಕೆ ಜಾರುತ್ತಾ ಹೋಗುತ್ತದೆ. ಆ ಗೋಡೆಗೆ ಈಗ ನೆಟ್ಟಗೆ ಬಿಸಿಲು. ಕನ್ನಡಿಯ ಕೆಳಗೇ ತಲೆ ತೊಳೆಯುವ ಬೇಸಿನ್ನು. ಮೊದಲು ತಲೆ ಕೊಡುವವಳು ಅಮ್ಮನೇ ಆಗಬೇಕೆಂದು ತಂಗಿ ಹಟ ಹಿಡಿದಿದ್ದಳು.

ಫೋನು ಎತ್ತಲಿಲ್ಲ ಮಹಾರಾಯ್ತಿ. ಅಕ್ಕ ಎದ್ದುಬಿದ್ದು ಓಡಿದಳು. ದೇವರೇ, ಅಮ್ಮನ ತಲೆ ಕಾಯಪ್ಪ.

ಬಾಗಿಲು ತಳ್ಳಿದರೆ, ಅಮ್ಮ ನೊರೆ ತುಂಬಿದ ತಲೆಯನ್ನು ಬೇಸಿನ್ನಿಗೆ ಒರಗಿಸಿ ಕಣ್ಣು ಮುಚ್ಚಿದ್ದಾಳೆ. ಮೇಲೆ ಆಳೆತ್ತರದ ಕನ್ನಡಿ ಒಂದು ಗೇಣು ಇಳಿದು ವಾಲಿದೆ. ಹಿಂದೆ ಅಂಟು ಪಾಕದ ಎಳೆಯಂತೆ ಜಗ್ಗಿದೆ.

"ಅಮ್ಮಾ, ಏಳೇ!" ಅನ್ನುತ್ತಲೇ ಅಕ್ಕ ಎರಡೂ ಕೈ ಕನ್ನಡಿಗೆ ಕೊಟ್ಟಳು.

"ಇದೇನೇ ನಿನ್ನ ನಾಟಕ?" ಎಂದ ತಂಗಿ ತಲೆ ಎತ್ತಿ ನೋಡಿ ಬಿಳಿಚಿಕೊಂಡಳು. ಕೈಯಲ್ಲಿದ್ದ ನೀರಿನ ಪೈಪನ್ನು ಅಂಟಿನ ಕಡೆ ತಿರುಗಿಸಿದಳು. "ತಡಿ, ತಣ್ಣೀರು ಹಾಕಿದ್ರೆ ಗಟ್ಟಿ ಆಗುತ್ತೆ!"

"ಬೇಡ ಕಣೇ! ದಿಢೀರ್ ತಣ್ಣಗಾದ್ರೆ ಅಂಟು ಗಾಜು ಬಿಟ್ಟು ಸಿಡಿಯುತ್ತೆ!"

ಅಷ್ಟರಲ್ಲಿ ನೀರು ಬಿದ್ದಾಗಿತ್ತು. ಟಕ್. ಇನ್ನೊಂದು ಮೂಲೆಯಲ್ಲಿ ಟಕ್. ಅಂಟು ಗಾಜನ್ನು ಬಿಟ್ಟಿತು. ಇಡೀ ಭಾರ ಮೈಮೇಲೆ ಬಂದು ಅಕ್ಕನ ಮೊಣಕೈ ಮಡಚತೊಡಗಿತು.

"ಇಬ್ಬರೂ ಹೊರಗೆ ಹೋಗ್ರೇ!" ಅಕ್ಕ ಕಿರುಚಿದಳು.

ಯಾರು ಹೋಗುತ್ತಾರೆ? ತಂಗಿ ಪೈಪು ಎಸೆದು ಕೆಳಗಿನ ಅಂಚು ಹಿಡಿದಳು. ಅಮ್ಮ, ಕಣ್ಣಿಗೆ ನೊರೆ ಇಳಿಯುತ್ತಿದ್ದರೂ, ಬಂದು ಭುಜ ಕೊಟ್ಟಳು. ಮೂವರೂ ಏದುಸಿರು ಬಿಡುತ್ತಾ ಕನ್ನಡಿಯನ್ನು ಇಂಚಿಂಚೇ ನೆಲಕ್ಕೆ ಇಳಿಸಿ ಗೋಡೆಗೆ ಒರಗಿಸಿದರು. ಒಂದು ಬಿರುಕೂ ಇಲ್ಲ.

ಅಕ್ಕ ಕುಸಿದು ಕೂತಳು.

ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮೇಲೆ ಏನೋ ಕಿರುಗುಟ್ಟೋದು ಕೇಳಿಸ್ತಿತ್ತು ಕಣೇ," ಎಂದಳು. "ನೀನು ಕೂರಿಸಿದ್ದಲ್ವಾ ಅಂತ ಏಳಲೇ ಇಲ್ಲ."