ಗುಡುಗು ಟೀಚರ ಬಟನ್‌ಗಳು

ಗಣಿತದ ಟೀಚರಿಗೆ ಮಕ್ಕಳು ಇಟ್ಟಿದ್ದ ಹೆಸರು ಗುಡುಗು ಟೀಚರ್. ಅವರ ಗಂಟಲಿಗೆ ಆಪರೇಷನ್ ಆಗಬೇಕಿತ್ತು. ಆಮೇಲೆ ಒಂದು ತಿಂಗಳು ತುಟಿ ಪಿಟಕ್ಕೆನ್ನಬಾರದು, ಪಿಸುಮಾತೂ ಕೂಡದು, ಮೀರಿದರೆ ದನಿಯ ಆಸೆ ಬಿಟ್ಟುಬಿಡಿ ಎಂದಿದ್ದರು ಡಾಕ್ಟರು. ಟೀಚರ ಗಂಡ ಈ ಸುದ್ದಿಯನ್ನು ಬಹಳ ದುಃಖದ ಮುಖ ಮಾಡಿಕೊಂಡು ನೆಂಟರಿಗೆಲ್ಲ ಫೋನಿನಲ್ಲಿ ತಿಳಿಸಿದರು. ಫೋನಿನಲ್ಲಿ ಮುಖ ಕಾಣುವುದಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.

ಟೀಚರ ಚಿಂತೆಯೇ ಬೇರೆ. ಪರೀಕ್ಷೆ ತಲೆಯ ಮೇಲೆ ಕೂತಿತ್ತು. ಹೆಡ್ಮಾಸ್ಟರು ಅವರ ತರಗತಿಯನ್ನು ಡ್ರಿಲ್ ಮಾಸ್ಟರಿಗೆ ಒಪ್ಪಿಸಲು ಹೊರಟಿದ್ದರು. ಡ್ರಿಲ್ ಮಾಸ್ಟರು ಒಳ್ಳೆಯವರೇ. ಆದರೆ ಅವರ ಗಣಿತ 'ಒಂದು, ಎರಡು, ಒಂದು, ಎರಡು' ಎಂಬಲ್ಲಿಗೆ ಮುಗಿಯುತ್ತಿತ್ತು.

ದಾರಿ ತೋರಿಸಿದವಳು ಕಂಪ್ಯೂಟರ್ ಟೀಚರ್. ಒಂದು ಟ್ಯಾಬ್ಲೆಟ್, ಒಂದು ಪುಟ್ಟ ಸ್ಪೀಕರ್ ತಂದುಕೊಟ್ಟಳು.

"ಅಕ್ಕಾ, ಕ್ಲಾಸಲ್ಲಿ ದಿನಾ ಏನೇನ್ ಹೇಳ್ತೀರೋ ಎಲ್ಲಾ ಈಗ್ಲೇ ಇದ್ರಲ್ಲಿ ಹೇಳಿಟ್ಬಿಡಿ. ಒಂದೊಂದು ಮಾತಿಗೆ ಒಂದೊಂದು ಬಟನ್. ಜಾಸ್ತಿ ಬೇಕಾಗೋದು ಹೆಬ್ಬೆರಳ ಹತ್ರ ಇರ್ಲಿ."

ಟೀಚರಿಗೆ ಯೋಚಿಸುವ ಪ್ರಮೇಯವೇ ಬರಲಿಲ್ಲ. ಬಾಯಿಪಾಠವಾದದ್ದನ್ನು ಒಪ್ಪಿಸಿದ ಹಾಗೆ ಹೇಳುತ್ತಾ ಹೋದರು. 'ಸುಮ್ನಿರಿ!' 'ಹಿಂದೆ ಯಾರದು ಕಿಸಕಿಸ?' 'ಬೋರ್ಡಿಗೆ ಬಾ.' 'ತಲೆ ಎಲ್ಲಿಟ್ಟಿದೀಯ?' 'ಇನ್ನೊಂದ್ಸಲ ನೋಡು.' 'ಕಿಟಕೀಲೇನ್ ಕಾಣುತ್ತೆ?' ಪರದೆ ತುಂಬಿತು.

ಆಪರೇಷನ್ ಮುಗಿಸಿ ಬಂದ ಮೊದಲ ದಿನವೇ ಹೆಡ್ಮಾಸ್ಟರು ಪರೀಕ್ಷಿಸಲು ಬಂದು ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ತೂರಿಕೊಂಡರು. ತರಗತಿ ಉಳಿಯುವುದೋ ಬಿಡುವುದೋ ಈ ಪಾಠದ ಮೇಲಿತ್ತು. ಟೀಚರು 'ಸುಮ್ನಿರಿ' ಒತ್ತಿದರು. ಸ್ಪೀಕರ್ ಗುಡುಗಿತು. ಮಕ್ಕಳ ಜೊತೆಗೆ ಹೆಡ್ಮಾಸ್ಟರೂ ನೆಟ್ಟಗೆ ಕೂತರು.

ಬೋರ್ಡಿನ ಮೇಲೆ 1/2 + 1/3 ಬರೆದು ಟೀಚರು ಕೊನೇ ಸಾಲಿನ ಹುಡುಗಿಯತ್ತ ಬೆರಳು ತೋರಿಸಿ ಬಟನ್ ಒತ್ತಿದರು. 'ಬೋರ್ಡಿಗೆ ಬಾ.' ಹುಡುಗಿ ಎದ್ದು ಬಂದಳು. ವರ್ಷವಿಡೀ ಅವಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಎಂದೇ ಬರೆದವಳು. ಇವತ್ತು ನಿಂತು ಯೋಚಿಸಿದಳು. ಛೇದಗಳನ್ನು ಸಮ ಮಾಡಿದಳು. 5/6 ಎಂದು ಬರೆದು, ತಿರುಗಿ ನೋಡುವ ಧೈರ್ಯವಿಲ್ಲದೆ ಬೋರ್ಡಿಗೇ ಮುಖ ಮಾಡಿ ಕಾದಳು.

ಟೀಚರಿಗೆ ಕುಣಿಯುವಷ್ಟು ಖುಷಿಯಾಯಿತು. ಪರದೆಯ ಮೇಲೆ ಬೆರಳು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಿತು. ಸರಿ ಎನ್ನುವ ಬಟನ್ ಒಂದೂ ಇರಲಿಲ್ಲ. ಇದ್ದುದರಲ್ಲಿ ಮೆತ್ತಗಿನದನ್ನು ಹುಡುಕಿ ಒತ್ತಿದರು.

'ಇನ್ನೊಂದ್ಸಲ ನೋಡು.'

ಟೀಚರು ಸೀಮೆಸುಣ್ಣ ಎತ್ತಿಕೊಂಡು ಓಡುವಷ್ಟರಲ್ಲಿ ಹುಡುಗಿ 5/6 ಅಳಿಸಿ 2/5 ಎಂದು ಬರೆದಾಗಿತ್ತು. ಗಂಟೆಯೂ ಹೊಡೆಯಿತು.

ಹೆಡ್ಮಾಸ್ಟರು ಬೆಂಚಿನಿಂದ ತಮ್ಮನ್ನು ಬಿಡಿಸಿಕೊಂಡು ಎದ್ದರು. "ಭೇಷ್ ಟೀಚರ್! ಕ್ಲಾಸು ನಿಮ್ಮದೇ. ದನಿ ಇದ್ದಾಗ ಹೇಗಿತ್ತೋ ಹಾಗೇ ಇದೆ. ಒಂಚೂರೂ ವ್ಯತ್ಯಾಸ ಗೊತ್ತಾಗ್ಲಿಲ್ಲ ನೋಡಿ."

ಟೀಚರಿಗೆ ಮುಖ ಎಲ್ಲಿ ಇಟ್ಟುಕೊಳ್ಳುವುದು ಎಂದು ತಿಳಿಯಲಿಲ್ಲ. ಇಷ್ಟು ನಾಚಿಕೆ ಅವರಿಗೆ ಯಾವ ಬೈಗುಳದಿಂದಲೂ ಆಗಿರಲಿಲ್ಲ.

ಮಕ್ಕಳೆಲ್ಲ ಹೊರಗೆ ಹೋದರು. ಟೀಚರು ಆ ಹುಡುಗಿಯನ್ನು ಕೈಸನ್ನೆ ಮಾಡಿ ನಿಲ್ಲಿಸಿಕೊಂಡರು. ಬೋರ್ಡಿನ ಮೇಲೆ ಮತ್ತೆ 5/6 ಬರೆದು, ಪಕ್ಕದಲ್ಲಿ ದೊಡ್ಡದಾಗಿ 'ಸರಿಯಾಗಿತ್ತು ಕಂದ, ತಪ್ಪು ನಂದು' ಎಂದು ಬರೆದರು. ಹುಡುಗಿ ಅದನ್ನು ಓದಿ, ಟೀಚರ ಮುಖ ನೋಡಿ, ಮತ್ತೆ ಓದಿದಳು. ಟೀಚರು ಹೊಸ ಬಟನ್ ಒಂದನ್ನು ತೆರೆದು ಟ್ಯಾಬ್ಲೆಟ್ಟನ್ನು ಅವಳ ಬಾಯಿಯ ಹತ್ತಿರ ಹಿಡಿದರು.

"ನಾನಾ ಟೀಚರ್? ಏನಂತ ಹೇಳ್ಲಿ?"

ಟೀಚರು 'ಶಾಬಾಷ್' ಎಂದು ಬರೆದು ತೋರಿಸಿದರು. ಅವಳು ಹೇಳಿದಳು. ಒತ್ತಿದರೆ ಸ್ಪೀಕರಿನಲ್ಲಿ ಏನೂ ಕೇಳಿಸಲಿಲ್ಲ, ಅಷ್ಟು ಮೆಲ್ಲಗೆ ಹೇಳಿದ್ದಳು. ಟೀಚರು ಅಡ್ಡಡ್ಡ ತಲೆಯಾಡಿಸಿ, ಇನ್ನೂ ಜೋರಾಗಿ ಎಂದು ಕೈ ಎತ್ತಿ ತೋರಿಸಿದರು. ಹುಡುಗಿ ಎದೆ ತುಂಬ ಉಸಿರೆಳೆದುಕೊಂಡು ಕೂಗಿದ ಏಟಿಗೆ ಕಾರಿಡಾರಿನಲ್ಲಿ ಹೋಗುತ್ತಿದ್ದ ಡ್ರಿಲ್ ಮಾಸ್ಟರು ನಿಂತು, ತಮ್ಮನ್ನೇ ಹೊಗಳಿದರೆಂದು ತಿಳಿದು, ಸಂಕೋಚದಿಂದ ನಕ್ಕು ಮುಂದೆ ಹೋದರು.