ಸ್ತಾಮೆನ್ ಎತ್ತ ನೋಡುತ್ತಿದ್ದ

ರಂಗೆಲಾ ಚಿಕ್ಕಮ್ಮ ಪ್ಲಗ್ ಕಿತ್ತಾಗ ಫೋಟೊ ಅರ್ಧ ದಾರಿಯಲ್ಲಿತ್ತು. ಕ್ಯಾಮೆರಾದ ಕಾರ್ಡಿನಿಂದ ಹೊರಟಿತ್ತು, ಲ್ಯಾಪ್‌ಟಾಪನ್ನು ಇನ್ನೂ ಸೇರಿರಲಿಲ್ಲ. ಪರದೆ ಕಪ್ಪಾಯಿತು.

“ಸಾವಿನ ಮನೇಲಿ ಹೊಳೆಯೋ ವಸ್ತು ಒಂದೂ ತೆರೆದಿರಬಾರ್ದು,” ಎನ್ನುತ್ತ ಮುದುಕಿ ಲ್ಯಾಪ್‌ಟಾಪಿಗೂ ಕರಿ ಬಟ್ಟೆ ಹೊದಿಸಿದಳು. ಅಷ್ಟರಲ್ಲಾಗಲೇ ಕನ್ನಡಿ, ಟೀವಿ, ಗಾಜಿನ ಬೀರು ಎಲ್ಲಕ್ಕೂ ಹೊದಿಸಿ ಮುಗಿಸಿದ್ದಳು. ಗಡಿಯಾರವನ್ನೂ ನಿಲ್ಲಿಸಿದ್ದಳು.

ವೆಲಿಕಾ ಕಾಫಿ ಬಟ್ಟಲು ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಆ ಲ್ಯಾಪ್‌ಟಾಪಿನ ಬ್ಯಾಟರಿ ಕೈಕೊಟ್ಟು ಎರಡು ವರ್ಷವಾಗಿತ್ತು. ಪ್ಲಗ್ ಇದ್ದರೆ ಉಸಿರು, ಇಲ್ಲದಿದ್ದರೆ ಇಲ್ಲ.

“ಚಿಕ್ಕಮ್ಮಾ, ಏನ್ ಮಾಡ್ಬಿಟ್ಟೆ! ಅಣ್ಣನ ಫೋಟೊ ಕಣೇ ಅದರೊಳಗೆ ಇದ್ದದ್ದು!”

“ನನಗೇನ್ ಗೊತ್ತು? ಬೆಳಕು ಕಾಣ್ತು, ಆರಿಸ್ದೆ.”

ತಪ್ಪು ಮುದುಕಿಯದೊಂದೇ ಅಲ್ಲ ಎಂಬುದು ವೆಲಿಕಾಳಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಸ್ಟುಡಿಯೊ ನಡೆಸಿದವಳು, ಕಾರ್ಡಿನಿಂದ ಫೋಟೊ ನಕಲು ಮಾಡಿಕೊಳ್ಳಬೇಕೇ ಹೊರತು ಎತ್ತಿ ಹಾಕಿಕೊಳ್ಳಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು, ಇವತ್ತು ಅವಸರದಲ್ಲಿ ಅದನ್ನೇ ಮಾಡಿದ್ದಳು.

ಪಕ್ಕದ ಕೋಣೆಯಲ್ಲಿ ಸ್ತಾಮೆನ್ ಶವಪೆಟ್ಟಿಗೆಯಲ್ಲಿ ಮಲಗಿದ್ದ. ನಿನ್ನೆ ಸಂಜೆ ಸೌದೆ ಒಡೆಯುತ್ತಿದ್ದವನು ಎದೆ ಹಿಡಿದು ಕೂತಿದ್ದ, ಅಷ್ಟೆ. ನಾಳೆ ಹನ್ನೊಂದಕ್ಕೆ ಮಣ್ಣು. ಅಷ್ಟರೊಳಗೆ ಊರಿನ ಪದ್ಧತಿಯಂತೆ ಗೇಟುಗಳಿಗೆ, ಮರಗಳಿಗೆ, ಬಸ್ ನಿಲ್ದಾಣಕ್ಕೆ ಅವನ ಮುಖವಿರುವ ಸಾವಿನ ಪತ್ರ ಅಂಟಿಸಬೇಕು. ಮುದ್ರಣದಂಗಡಿಯ ಮಿಲ್ಚೊ ಶನಿವಾರ ಎರಡಕ್ಕೆ ಬಾಗಿಲು ಹಾಕುತ್ತಾನೆ. ಈಗ ಹನ್ನೆರಡೂ ಕಾಲು.

ಸ್ತಾಮೆನ್‌ನ ಈಚಿನ ಫೋಟೊ ಬೇರೊಂದಿರಲಿಲ್ಲ. ಒಂಬತ್ತು ವರ್ಷದಿಂದ ಅವನು ಯಾವ ಕ್ಯಾಮೆರಾದ ಮುಂದೂ ನಿಂತವನಲ್ಲ. ಅಮ್ಮನನ್ನು ಮಣ್ಣು ಮಾಡಿದ ದಿನ ವೆಲಿಕಾ ಒಂದು ಮದುವೆಯ ಫೋಟೊ ತೆಗೆಯುತ್ತಿದ್ದಳು. ಮದುಮಗಳನ್ನು ನಡುವೆ ಬಿಟ್ಟು ಬರಲಾಗದೆ, ಎಲ್ಲ ಮುಗಿಸಿ ಓಡಿ ಬಂದಾಗ ಗುಂಡಿ ಮುಚ್ಚಿಯಾಗಿತ್ತು. “ಆ ಡಬ್ಬಾನೇ ನಿನಗೆ ತಾಯಿ, ಅದನ್ನೇ ಇಟ್ಕೊಂಡು ಬಾಳು,” ಎಂದಿದ್ದ ಸ್ತಾಮೆನ್. ಅಂದಿನಿಂದ ಅವಳು ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದ.

ಹೋದ ಭಾನುವಾರ ತನ್ನ ಮೊಮ್ಮಗುವಿನ ನಾಮಕರಣದಲ್ಲಿ ಅವನೇ ಬಂದು ಪಕ್ಕದಲ್ಲಿ ನಿಂತಿದ್ದ. “ತೆಗಿ ಒಂದು, ಇಬ್ಬರದೂ,” ಎಂದಿದ್ದ. ಅವಳು ಹೊಸ ಕಾರ್ಡು ಹಾಕಿ, ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಹತ್ತು ಸೆಕೆಂಡಿನ ಗಡುವು ಕೊಟ್ಟು ಓಡಿ ಬಂದು ನಿಂತಿದ್ದಳು. ಭುಜದ ಮೇಲೆ ಏನೋ ಭಾರ ಬಿದ್ದಂತಾಯಿತು. ತಿರುಗಿ ನೋಡುವ ಧೈರ್ಯವಾಗದೆ ಕ್ಯಾಮೆರಾವನ್ನೇ ನೋಡಿದಳು. ಕ್ಲಿಕ್ಕಾದ ಕೂಡಲೇ ಅವನು ಹೊರಟುಹೋದ. ಅವನು ಮುಖ ಗಂಟಿಕ್ಕಿಕೊಂಡಿದ್ದರೆ ಎಂಬ ಹೆದರಿಕೆಗೆ ಅವಳು ಆರು ದಿನ ಆ ಕಾರ್ಡನ್ನು ತೆರೆದೇ ಇರಲಿಲ್ಲ. ಹೇಡಿ ಎಂದರೆ ಇವಳೇ.

ಈಗ ವೆಲಿಕಾ ಪ್ಲಗ್ ಮತ್ತೆ ಹಾಕಿದಳು. ಫೋಟೊದ ಹೆಸರೇನೋ ಲ್ಯಾಪ್‌ಟಾಪಿನಲ್ಲಿತ್ತು, ಒಳಗೆ ಏನೂ ಇರಲಿಲ್ಲ. ಕಾರ್ಡು ಖಾಲಿ ಎಂದು ತೋರಿಸಿತು.

ಅತ್ತಿಗೆ ತಿಂಕಾ ನಾಳೆ ಸತ್ತವನ ಹೆಸರಲ್ಲಿ ಹಂಚಲೆಂದು ಬೇಯಿಸುತ್ತಿದ್ದ ಗೋಧಿಯನ್ನು ಒಲೆಯ ಮೇಲೆ ಬಿಟ್ಟು ಬಂದಳು. “ಆಗಲ್ಲಾಂದ್ರೆ ಹೇಳ್ಬಿಡು. ಗುರುತಿನ ಚೀಟೀದು ಕೊಟ್ಟು ಕಳಿಸ್ತೀನಿ.”

“ಅದರಲ್ಲಿ ಕೋಳಿ ಕದ್ದು ಸಿಕ್ಕಿಬಿದ್ದವನ ಥರ ಇದಾನೆ, ಅತ್ತಿಗೆ.”

“ಇದ್ರೆ ಇರ್ಲಿ. ಮುಖ ಬೇಕು ತಾನೆ?” ತಿಂಕಾ ಕರಿ ಅಂಗಿಯ ತೋಳಿಗೆ ಕಣ್ಣೊರೆಸಿಕೊಂಡಳು. “ನಾಳೆ ನಿನಗೆ ಯಾವ ಮದುವೇನೂ ಇಲ್ವಲ್ಲ?”

ಮಾತು ಚುಚ್ಚಿತು. ಚುಚ್ಚಲೆಂದೇ ಆಡಿದ್ದು.

“ಇಲ್ಲ ಅತ್ತಿಗೆ. ಒಂದ್ ಗಂಟೆ ಕೊಡಿ ನನಗೆ.”

ಕಾರ್ಡಿನ ಪಕ್ಕದಲ್ಲಿರುವ ಸಣ್ಣ ಬೀಗವನ್ನು ಉಗುರಿನಿಂದ ಕೆಳಕ್ಕೆ ಸರಿಸಿದಳು. ಇನ್ನು ಅದರ ಮೇಲೆ ಹೊಸದೊಂದು ಅಕ್ಷರವೂ ಕೂರಕೂಡದು, ಕೂತರೆ ಹಳೆಯದು ಅಳಿಸಿಹೋದಂತೆಯೇ. ಅಳಿಸಿದ್ದನ್ನು ಹುಡುಕಿ ತೆಗೆಯುವ ತಂತ್ರಾಂಶ ಸ್ಟುಡಿಯೊದ ಕೆಲಸಕ್ಕೆಂದು ಲ್ಯಾಪ್‌ಟಾಪಿನಲ್ಲಿ ಮೊದಲೇ ಇತ್ತು. ಓಡಿಸಿದಳು. ನೂರರಲ್ಲಿ ಎಂಟು ಪಾಲು. ಹದಿನೇಳು. ಮೂವತ್ತು. ಮೂವತ್ತರಲ್ಲಿ ಹತ್ತು ನಿಮಿಷ ಹಾಗೇ ನಿಂತಿತು. ವೆಲಿಕಾ ತುಟಿ ಕಚ್ಚಿಕೊಂಡು ಕೂತಳು. ಒಳಗೆ ಹೆಂಗಸರು ಅಳುವುದು ಕೇಳುತ್ತಿತ್ತು.

ಒಂದಕ್ಕೆ ಐದು ನಿಮಿಷವಿರುವಾಗ ಒಂದೇ ಒಂದು ಫೈಲು ಸಿಕ್ಕಿತು. ತೆರೆಯಲು ಹೋದರೆ, ಇದು ಚಿತ್ರವೇ ಅಲ್ಲ ಎಂದಿತು.

ಫೋಟೊ ಫೈಲಿಗೂ ಒಂದು ತಲೆ, ಒಂದು ಮೈ. ಎಷ್ಟು ಅಗಲ, ಎಷ್ಟು ಎತ್ತರ, ಬಣ್ಣ ಹೇಗೆ ಬಿಡಿಸಬೇಕು ಎಂಬ ವಿವರವೆಲ್ಲ ತಲೆಯಲ್ಲಿರುತ್ತದೆ. ಚಿತ್ರ ಇರುವುದು ಮೈಯಲ್ಲಿ. ಸ್ತಾಮೆನ್‌ನ ಫೈಲಿಗೆ ಮೈ ಇತ್ತು, ತಲೆ ಹಾಳಾಗಿತ್ತು. ಅದೇ ಕ್ಯಾಮೆರಾದಲ್ಲಿ, ಅದೇ ಅಳತೆಯಲ್ಲಿ, ಕ್ಯಾಮೆರಾವನ್ನು ಹಾಗೇ ಹಿಡಿದು ಬೇರೆ ಕಾರ್ಡಿಗೆ ಹೊಸ ಫೋಟೊ ತೆಗೆದರೆ ಅದರ ತಲೆಯನ್ನು ಇದಕ್ಕೆ ಕಸಿ ಮಾಡಬಹುದು. ಗೋಡೆಯದಾದರೂ ಆದೀತು. ಅವಳು ಕ್ಯಾಮೆರಾ ಎತ್ತಿದಳು. ಅಷ್ಟರಲ್ಲಿ ರಂಗೆಲಾ ಅದನ್ನೂ ಮುಚ್ಚಲು ಕರಿ ಬಟ್ಟೆ ಹಿಡಿದು ನೇರ ಎದುರಿಗೇ ಬಂದಳು.

“ನೀನೇ ಕೆಡಿಸಿದ್ದು, ನೀನೇ ಸರಿಮಾಡು!” ವೆಲಿಕಾ ಸಿಟ್ಟಿನಿಂದ ಗುಂಡಿ ಒತ್ತಿದಳು.

“ಅಯ್ಯೋ, ಹೆಣ ಇರೋ ಮನೇಲಿ ನನ್ನ ಫೋಟೊನಾ!” ಮುದುಕಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಕಸಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಎರಡು ಸಲ ತಪ್ಪು ಜಾಗದಲ್ಲಿ ಕತ್ತರಿಸಿದಳು. ಮೂರನೆಯ ಸಲ ಉಳಿಸಿ ಫೈಲುಗಳ ಪಟ್ಟಿಯಲ್ಲಿ ನೋಡಿದರೆ, ಸ್ತಾಮೆನ್‌ನ ಫೈಲಿನ ಹೆಸರಿನ ಮೇಲೆ ಪುಟ್ಟದಾಗಿ ರಂಗೆಲಾ ಚಿಕ್ಕಮ್ಮ ಬಾಯಿ ತೆರೆದುಕೊಂಡು ನಿಂತಿದ್ದಳು.

ವೆಲಿಕಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. “ಹೋಯ್ತು. ಎಲ್ಲಾ ಹೋಯ್ತು.”

ಭುಜದ ಹಿಂದಿನಿಂದ ಬಗ್ಗಿ ನೋಡಿದ ರಂಗೆಲಾ ಬಿಳಿಚಿಕೊಂಡಳು. “ಸ್ತಾಮೆನ್ ಜಾಗದಲ್ಲಿ ನಾನು ಯಾಕಿದೀನಿ? ಮುಂದಿನ ಸರದಿ ನಂದಾ? ಅಳಿಸು, ಈಗಲೇ ಅಳಿಸು!”

“ಮುಟ್ಟಬೇಡ ಚಿಕ್ಕಮ್ಮ!” ತಿಂಕಾ ಮುದುಕಿಯ ಕೈ ಹಿಡಿದುಕೊಂಡಳು. “ವೆಲಿಕಾ, ಅದನ್ನ ತೆರೆದಾದ್ರೂ ನೋಡು.”

ಹೌದಲ್ಲ. ಪಟ್ಟಿಯಲ್ಲಿ ಕಾಣುವ ಪುಟ್ಟ ಚಿತ್ರ ಇರುವುದೂ ಫೈಲಿನ ತಲೆಯಲ್ಲೇ, ಅದು ತಲೆಯ ಜೊತೆಗೇ ಬಂದಿತ್ತು. ಇಷ್ಟು ವರ್ಷದ ಅನುಭವವಿದ್ದೂ ಅವಳಿಗೆ ಅದು ಹೊಳೆದಿರಲಿಲ್ಲ. ಒತ್ತಿದಳು.

ಮೇಲಿನಿಂದ ಕೆಳಕ್ಕೆ ಪರದೆ ತುಂಬತೊಡಗಿತು. ಸುಣ್ಣದ ಗೋಡೆ. ನರೆತ ಕೂದಲು. ಹಣೆ. ಮೂಗು, ಮೀಸೆ. ಅಂಗಿಯ ಮೊದಲ ಗುಂಡಿ, ಅದರ ಪಕ್ಕದಲ್ಲಿ ಅವನಿಗಿಂತ ಗಿಡ್ಡಳಾದ ವೆಲಿಕಾಳ ಕೂದಲು, ಹಣೆ. ಅಲ್ಲಿಗೆ ನಿಂತಿತು. ಅದರ ಕೆಳಗೆಲ್ಲ ಬರೀ ಬೂದು ಬಣ್ಣ. ಅವಳ ಭುಜ ಅದರೊಳಗೆ ಹೋಗಿತ್ತು, ಭುಜದ ಮೇಲೆ ಅವನ ಕೈ ಇತ್ತೋ ಇಲ್ಲವೋ ಅದೂ ಹೋಗಿತ್ತು. ಆ ಕೈ ಇನ್ನೆಂದೂ ಸಿಗುವುದಿಲ್ಲ. ಸಿಕ್ಕಷ್ಟನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಅವಳು ಹೊರಟಳು.

ಮಿಲ್ಚೊನ ಅಂಗಡಿ ಮುಟ್ಟಿದಾಗ ಎರಡಕ್ಕೆ ಹತ್ತು ನಿಮಿಷವಿತ್ತು. ಅವನು ಬೀಗದ ಕೈ ಹಿಡಿದೇ ನಿಂತಿದ್ದ. ಚಿತ್ರ ದೊಡ್ಡದು ಮಾಡಿ ಕನ್ನಡಕ ಏರಿಸಿಕೊಂಡ.

“ಮುಖ ಸಾಕಾಗುತ್ತೆ ವೆಲಿಕಕ್ಕ. ಆದ್ರೆ ಸ್ತಾಮೆನಣ್ಣ ಕ್ಯಾಮೆರಾ ನೋಡ್ತಾನೇ ಇಲ್ಲವಲ್ಲ! ಇಂಥಾ ಪತ್ರದಲ್ಲಿ ನೇರ ನೋಡ್ತಿರಬೇಕು, ಜನ ನಗ್ತಾರೆ. ಇವರು ನೋಡ್ತಿರೋದು ಪಕ್ಕದಲ್ಲಿರೋ ಈ ಹೆಂಗಸನ್ನ.”

ಗಡಿಬಿಡಿಯಲ್ಲಿ ಅವಳು ಕೆಳಗಿನ ಬೂದು ಬಣ್ಣವನ್ನು ನೋಡಿದ್ದಳೇ ಹೊರತು ಮೇಲಿನ ಕಣ್ಣುಗಳನ್ನು ನೋಡಿರಲಿಲ್ಲ. ಈಗ ನೋಡಿದಳು. ಅವನ ಮುಖ ಗಂಟಿಕ್ಕಿರಲಿಲ್ಲ. ಚಿಕ್ಕಂದಿನಲ್ಲಿ ಅವಳು ಮರ ಹತ್ತಿದರೆ ಕೆಳಗೆ ನಿಂತು ನೋಡುತ್ತಿದ್ದನಲ್ಲ, ಹಾಗೇ ನೋಡುತ್ತಿದ್ದ.

“ಆ ಹೆಂಗಸು ನಾನು,” ಎಂದಳು.

ಮಿಲ್ಚೊ ತಲೆ ಕೆರೆದುಕೊಂಡ. “ಗುರುತಿನ ಚೀಟೀದು ತರಿಸೋಣ್ವಾ? ಮನೆಯವರನ್ನ ಒಂದು ಮಾತು ಕೇಳಿ.”

ಅವಳು ಫೋನು ಹಚ್ಚಿ ತಿಂಕಾಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಆ ಕಡೆ ಗೋಧಿ ಕುದಿಯುವ ಸದ್ದು ಕೇಳುತ್ತಿತ್ತು.

“ಒಂಬತ್ತು ವರ್ಷ ನೋಡ್ದೇ ಇದ್ದ ಮನುಷ್ಯ,” ಎಂದಳು ತಿಂಕಾ. “ಈಗ ನೋಡ್ಲಿ ಬಿಡು. ಹಾಗೇ ಹಾಕೋಕೆ ಹೇಳು.”

ಸಂಜೆಯೊಳಗೆ ಸ್ತಾಮೆನ್ ಊರಿನ ಎಲ್ಲ ಗೇಟುಗಳಲ್ಲೂ ಇದ್ದ, ಬಲಕ್ಕೆ ನೋಡುತ್ತ. ಕೊನೆಯ ಪತ್ರವನ್ನು ವೆಲಿಕಾ ತನ್ನ ಸ್ಟುಡಿಯೊದ ಬಾಗಿಲಿಗೆ ಅಂಟಿಸಿದಳು. ಅಂಟು ಒಣಗುವವರೆಗೂ ಅವನು ನೋಡುತ್ತಿದ್ದ ಬದಿಯಲ್ಲೇ ನಿಂತಿದ್ದಳು.