ಮಡಚದ ಗಾಡಿ

ಸವಳಂಗ ರಸ್ತೆಯ ಅಂಗಡಿಯಲ್ಲಿ ಮಗುವಿನ ಹೊಸ ತಳ್ಳುಗಾಡಿಗೆ ಆರು ಸಾವಿರ. ಹಳೆಯದರ ಮುರಿದ ಚಕ್ರವನ್ನು ಮುಬೀನಾಳ ಗಂಡ ಜಮ್ಶೀದ್ ತನ್ನ ಗ್ಯಾರೇಜಿನಲ್ಲೇ ಬಿಟ್ಟಿ ಸರಿಮಾಡಬಲ್ಲ. ಬಿಟ್ಟಿಯೇ ಗೆದ್ದಿತು.

ಮುಬೀನಾಳಿಗೆ ಹೆರಿಗೆಯಾದಾಗಿನಿಂದ ಸೊಂಟನೋವು. ವಾರವಾರವೂ ಭದ್ರಾವತಿಯ ತವರಿಗೆ ಬಸ್ಸಿನಲ್ಲಿ ಹೋಗಬೇಕು. ಮಡಚಿ ಎತ್ತುವಂಥ ಹಗುರ ಗಾಡಿ ಬೇಕೆಂದು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ಸಂಜೆ ಜಮ್ಶೀದ್ ಸ್ಕೂಟರಿನ ಬೇರಿಂಗು, ಕಬ್ಬಿಣದ ಪಟ್ಟಿ ಹಾಕಿದ ಗಾಡಿಯನ್ನು ತಳ್ಳಿಕೊಂಡು ಬಂದ.

“ನೋಡು ಮಾರಾಯ್ತಿ, ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ.”

“ಮಡಚೋದು ಹೇಗ್ರೀ?”

ಅವನು ಬಗ್ಗಿ ನೋಡಿದ. ಮಡಚುವ ಕೀಲನ್ನೂ ಸೇರಿಸಿ ವೆಲ್ಡಿಂಗ್ ಮಾಡಿಬಿಟ್ಟಿದ್ದ.

“ಕೀಲು ಸಡಿಲ ಇತ್ತು,” ಎಂದ.

“ಹಾಗಾದ್ರೆ ಬಸ್ಸಿಗೆ ನೀವೇ ಬಂದು ಹತ್ತಿಸಿ.”

ಮರುದಿನ ಗ್ಯಾರೇಜಿನಲ್ಲಿ ಕೆಲಸವಿತ್ತು, ಅವನು ಬರಲಿಲ್ಲ. ಮುಬೀನಾ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಬಸ್ಸು ಹತ್ತಿದಳು. ಆರು ಸಾವಿರ ಉಳಿದಿತ್ತು. ಸೊಂಟನೋವೂ ಉಳಿದಿತ್ತು.